ಸಾವ್ಕಾರ್ರು ಊರಾಗಿಲ್ರಿ

ಈಗ ರಜೆಯ ಮೇಲೆ ಹೋಗುವವರು ‘ನಾನಿಲ್ಲ’ ಎಂದು ಉತ್ತರ ಕೊಡಲು ಕಂಪ್ಯೂಟರಿಗೆ ಕಲಿಸಿ ಹೋಗುತ್ತಾರಂತೆ. ಮಹಾ ಸಂಶೋಧನೆ! ಎಪ್ಪತ್ತರ ದಶಕದಲ್ಲೇ ನಮ್ಮ ಆಳಂದದಲ್ಲಿ ಆ ಯಂತ್ರವಿತ್ತು. ಎರಡು ಹೊತ್ತು ಜೋಳದ ರೊಟ್ಟಿ ಹಾಕಿದರೆ ಸಾಕು, ಕೇಳದ್ದಕ್ಕೂ ಉತ್ತರ ಕೊಡುತ್ತಿತ್ತು. ಆ ಯಂತ್ರವೇ ನಮ್ಮ ಸೋದರಮಾವ!

ಮಾಮಾ ಟೆಲಿಫೋನ್ ಆಪರೇಟರ್. ಆಗ ನಂಬರನ್ನು ಆಪರೇಟರಿಗೆ ಹೇಳಬೇಕು, ಅವನು ತಂತಿ ಜೋಡಿಸಬೇಕು. ಪರವೂರಿಗೆ ಹೊರಟವರು ಅವನಿಗೊಂದು ಮಾತು ಹೇಳಿ ಹೋಗುತ್ತಿದ್ದರು. ಹೇಳದಿದ್ದರೂ ಅವನಿಗೆ ಗೊತ್ತಿರುತ್ತಿತ್ತು. ಕಿವಿ ಇದ್ದದ್ದು ಮತ್ತೇಕೆ?

“ಸಾವ್ಕಾರ್ರು ಊರಾಗಿಲ್ರಿ. ಅಳಿಯನ ಕೂಡ ಜಗಳಾ ಮಾಡಾಕ ಅಫಜಲಪುರಕ್ಕ ಹೋಗ್ಯಾರ. ಗೆದ್ರ ನಾಳಿ ಬರ್ತಾರ, ಸೋತ್ರ ಇವತ್ತ ಸಂಜಿಕೇ ಬರ್ತಾರ!”

ಡಾಕ್ಟರು ರಜೆಯಲ್ಲಿದ್ದರೆ ಚಿಕಿತ್ಸೆಯೂ ಇವನದೇ. “ಹೊಟ್ಟಿ ನೋಯ್ತದೇನ್ರಿ? ಅಜಿವಾನ ತಿನ್ರಿ. ಡಾಕ್ಟರೂ ಅದನ್ನೇ ಹೇಳ್ತಾರ, ಫೀಸ್ ತಗೊಂಡು.”

ತಾನು ಮಾತ್ರ ರಜೆ ಹಾಕುತ್ತಿರಲಿಲ್ಲ. “ನಾ ಇಲ್ಲಂತ ಹೇಳಾಕ ಯಾರರ ಬೇಕಲ್ಲೇ?” ಎನ್ನುತ್ತಿದ್ದ.

ಒಮ್ಮೆ ಒಬ್ಬ ಅಧಿಕಾರಿ ಜ್ವರವೆಂದು ರಜೆ ಹಾಕಿದ್ದರು. ಅವರ ಮೇಲಧಿಕಾರಿ ಪಾಪ, ಆರೋಗ್ಯ ವಿಚಾರಿಸಲು ಫೋನ್ ಮಾಡಿದರು. “ಆರಾಮ ಅದಾರ್ರಿ! ಈಗೇ ಸರಸಂಬಾದ ಹೊಲಕ್ಕ ಎಳೀ ಜ್ವಾಳದ ಸೀತನಿ ತಿನ್ನಾಕ ಹೋದ್ರು” ಎಂದ ನಮ್ಮ ಸತ್ಯಸಂಧ!

ದೂರು ಹೋಗದೆ ಇರುತ್ತದೆಯೇ? ಇನ್‌ಸ್ಪೆಕ್ಟರ್ ಬಂದು ಗುಡುಗಿದರು: “ನಂಬರ್ ಬಿಟ್ಟು ಒಂದ್ ಮಾತ್ ಆಡಿದ್ರ, ಡ್ಯೂಟಿ ಟೈಮಿನಾಗ ಕುರ್ಚಿ ಬಿಟ್ಟು ಎದ್ರ, ಜೇವರ್ಗಿಗೆ ಬದ್ಲಿ!” ಮಾಮಾ ನಡುಗಿಹೋದ. ಅವನಿಗೆ ಹೆಂಡತಿ ಮಕ್ಕಳಿಲ್ಲ. ತಂಗಿಯ, ಅಂದರೆ ನಮ್ಮವ್ವನ ಮನೆಯೇ ಅವನ ಮನೆ. ಅಂದಿನಿಂದ ‘ನಂಬರ್ ಪ್ಲೀಸ್’ ಬಿಟ್ಟರೆ ಬೇರೆ ಮಾತಿಲ್ಲ. ಊರಿಗೆ ಊರೇ ಬೇಜಾರಾಯಿತು.

ಆ ವರ್ಷವೇ ಅಪ್ಪನನ್ನು ಅವನ ತಮ್ಮ, ನಮ್ಮ ಕಾಕಾ, ಆಪರೇಶನ್ನಿಗೆಂದು ಸೊಲ್ಲಾಪುರಕ್ಕೆ ಕರೆದೊಯ್ದ. ಅವ್ವ ನಮ್ಮ ಅಂಗಡಿಯ ಫೋನಿನ ಪಕ್ಕವೇ ಕೂತಿದ್ದಳು. ಮಧ್ಯಾಹ್ನ ಆಸ್ಪತ್ರೆಯಿಂದ ಕಾಕಾ ಫೋನ್ ಮಾಡಿ, ಅಳುತ್ತಲೇ ನಮ್ಮ ನಂಬರ್ ಕೇಳಿದನಂತೆ. ಮಾಮಾನಿಗೆ ಎಲ್ಲವೂ ತಿಳಿಯಿತು. ತಂತಿ ಜೋಡಿಸಿದ್ದರೆ ಅವನ ಕೆಲಸ ಮುಗಿಯುತ್ತಿತ್ತು.

“ಆಕಿಗಿ ಫೋನಿನಾಗ ಹೇಳೂದು ಬ್ಯಾಡೋ. ನಾನೇ ಹೋಗ್ತೇನಿ” ಎಂದವನೇ ಕುರ್ಚಿ ಬಿಟ್ಟು ಎದ್ದ.

ಬಿಸಿಲಲ್ಲಿ, ಬರಿಗಾಲಲ್ಲಿ, ಬಜಾರಿನ ನಡುವೆ ಓಡಿಬಂದ ಮಾಮಾನನ್ನು ನಾನು ನೋಡಿದೆ. “ಫೋನ್ ಬಂತೇನಣ್ಣಾ?” ಎಂದಳು ಅವ್ವ. ಊರಿನಲ್ಲಿ ಇಲ್ಲದವರೆಲ್ಲರ ಪರವಾಗಿ ಉತ್ತರ ಕೊಟ್ಟವನು ಅಂದು ತಂಗಿಯ ಪಕ್ಕದಲ್ಲಿ ಕೂತು ಅವಳ ತಲೆಯನ್ನು ಎದೆಗೆ ಒತ್ತಿಕೊಂಡ. ಅತ್ತ ಆಳಂದದ ಫೋನುಗಳೆಲ್ಲ ಸಂಜೆಯವರೆಗೆ ಮೂಕವಾಗಿದ್ದವು.

ಮಾಮಾನಿಗೆ ಜೇವರ್ಗಿಗೆ ಬದಲಿಯಾಯಿತು. ಟ್ರಂಕು ಹೊತ್ತು ಬಸ್ಸು ಹತ್ತಿದ.

ಅವ್ವ ಈಗಲೂ ಹೇಳುತ್ತಾಳೆ: “ನಿಮ್ಮಪ್ಪನ ಸುದ್ದಿ ನನಗ ಫೋನಿನಾಗ ಬರಲಿಲ್ಲಪಾ. ನಮ್ಮಣ್ಣ ಹೊತ್ಗೊಂಡ್ ಬಂದಾ.”