ಭಾವನ ವಿಮಾನಕ್ಕೆ ಗಾಳಿ ನೋಡುವುದು

ನಮ್ಮ ಭಾವನ ಹತ್ತಿರ ಸ್ವಂತ ವಿಮಾನವಿದೆ. ಜೆ.ಪಿ. ನಗರದಲ್ಲಿ ಕಾರು ನಿಲ್ಲಿಸಲು ಸ್ವಂತ ಜಾಗವಿದ್ದವರನ್ನೇ ಜನ ಸಾಹುಕಾರರಂತೆ ನೋಡುವ ಈ ಕಾಲದಲ್ಲಿ ನಮ್ಮಕ್ಕನ ಗಂಡ ವಿಮಾನದ ಒಡೆಯರು! ಕೊಂಡದ್ದಲ್ಲ, ತಾವೇ ಕಟ್ಟಿದ್ದು. ಕಾರ್ಖಾನೆಯ ಕೆಲಸದಿಂದ ನಿವೃತ್ತರಾದ ಮರುವಾರವೇ ಶುರುಮಾಡಿ, ವರ್ಷಗಟ್ಟಲೆ ಕುಟ್ಟಿ, ಉಜ್ಜಿ, ಅಂಟಿಸಿ ಎಬ್ಬಿಸಿ ನಿಲ್ಲಿಸಿದ್ದು. ಎರಡು ಸೀಟಿದೆ, ಎಂಜಿನ್ನಿದೆ, ಬಾಲವಿದೆ. ಅದು ಇದುವರೆಗೆ ಮಾಡಿರುವ ಪ್ರಯಾಣ ಮಾತ್ರ ಏಳೇ ಅಡಿ. ಏಳು ಅಡಿ ಮುಂದಕ್ಕೆ, ಮತ್ತೆ ಏಳು ಅಡಿ ಹಿಂದಕ್ಕೆ. ಅದೂ ಹಾರುವುದಕ್ಕಲ್ಲ, ಟೈರಿನ ಗಾಳಿ ನೋಡುವುದಕ್ಕೆ.

ವಿಮಾನ ಇರುವುದು ಜರಗನಹಳ್ಳಿಯ ಒಂದು ಬಾಡಿಗೆ ಶೆಡ್ಡಿನಲ್ಲಿ. ಹಿಂದೆ ಅಲ್ಲಿ ದನ ಕಟ್ಟುತ್ತಿದ್ದರಂತೆ. ಜಾಗ ಸಾಲದೆ ರೆಕ್ಕೆಗಳನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದಾರೆ. ಶೆಡ್ಡಿನ ಯಜಮಾನರು ಆಗಾಗ ಬಂದು, ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡುತ್ತಾರೆ. ಒಂದು ದಿನ ಭಾವನನ್ನು ಕೇಳಿಯೇಬಿಟ್ಟರು.

“ಸಾರ್, ಇದು ಮೇಲೇಳೋದು ಯಾವಾಗ?”

“ಪೇಪರ್ ವರ್ಕ್ ನಡೀತಾ ಇದೆ.”

“ಹಂಗಾ? ನಮ್ ಸೈಟಿನ ಖಾತಾನೂ ಹಂಗೇ ನಡೀತಾ ಇದೆ ಬಿಡಿ.”

ಅಂದಿನಿಂದ ಅವರಿಬ್ಬರೂ ಜೀವದ ಗೆಳೆಯರು.

ನಿಂತಲ್ಲೇ ನಿಂತ ವಿಮಾನಕ್ಕೆ ಪ್ರತಿ ಭಾನುವಾರ ಗಾಳಿ ಯಾಕೆ ನೋಡಬೇಕು ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. “ನಿಂತ ಗಾಡೀಗೇ ಕಣಯ್ಯ ಗಾಳಿ ಇಳಿಯೋದು” ಎಂದರು ಭಾವ. ಸರಿ, ನೋಡಿಕೊಳ್ಳಲಿ, ಸ್ಕೂಟರಿನ ಚಕ್ರದ ಹಾಗೆ ಬಗ್ಗಿ ನೋಡಿ ಎದ್ದರಾಯಿತು ಅಂದುಕೊಂಡಿರಾ? ಅಷ್ಟು ಸುಲಭವಾಗಿದ್ದರೆ ಅದರಲ್ಲಿ ಭಾವನ ಹೆಚ್ಚುಗಾರಿಕೆ ಏನು ಬಂತು! ಎಡಬಲದ ಎರಡೂ ಚಕ್ರಗಳಿಗೆ ಅವರು ಫೈಬರಿನ ಕವಚ ತೊಡಿಸಿದ್ದಾರೆ. ಮೀನಿನಂತೆ ನುಣುಪಾದ ಕವಚ. ನೆಲದ ಹತ್ತಿರ ನಾಲ್ಕು ಬೆರಳಿನಷ್ಟು ಟೈರು ಬಿಟ್ಟರೆ ಇನ್ನೇನೂ ಕಾಣುವುದಿಲ್ಲ. ವಿಮಾನ ಕಟ್ಟುವವರು ಇದನ್ನು ಪ್ಯಾಂಟ್ ಎನ್ನುತ್ತಾರಂತೆ. “ಚಕ್ರಕ್ಕೆ ಪ್ಯಾಂಟು, ಇವರಿಗೆ ಮಾತ್ರ ಮೂರು ಹೊತ್ತೂ ಲುಂಗಿ” ಎನ್ನುತ್ತಾಳೆ ಅಕ್ಕ.

“ಈ ಪ್ಯಾಂಟಿಂದ ಏನು ಲಾಭ ಭಾವ?”

“ಗಾಳಿ ತಡೆಯಲ್ಲ. ಗಂಟೆಗೆ ಐದಾರು ಕಿಲೋಮೀಟರ್ ಸ್ಪೀಡ್ ಜಾಸ್ತಿ ಆಗುತ್ತೆ.”

“ಈಗೆಷ್ಟಿದೆ ಸ್ಪೀಡು?”

“ಈಗ ನಿಂತಿದೆಯಲ್ಲಯ್ಯ.”

ಅಂದರೆ ಪ್ಯಾಂಟು ಹಾಕಿದ ಮೇಲೆ ಅದು ಐದಾರು ಕಿಲೋಮೀಟರ್ ಹೆಚ್ಚು ವೇಗವಾಗಿ ನಿಂತಿದೆ ಎಂದು ನಾನು ತಿಳಿದುಕೊಂಡೆ.

ಮೊದಮೊದಲು ಗಾಳಿ ನೋಡಲು ಪ್ರತಿ ಸಲವೂ ಕವಚವನ್ನೇ ಬಿಚ್ಚುತ್ತಿದ್ದರು. ಒಂದೊಂದಕ್ಕೂ ಹನ್ನೆರಡು ಸ್ಕ್ರೂ. ಬಿಚ್ಚುವಷ್ಟರಲ್ಲಿ ತಿಂಡಿಯ ಹೊತ್ತು, ಹಾಕುವಷ್ಟರಲ್ಲಿ ಊಟದ ಹೊತ್ತು. ಒಮ್ಮೆ ರೇಗಿಹೋಗಿ ಕನಕಪುರ ರಸ್ತೆಯ ಪಂಕ್ಚರ್ ಅಂಗಡಿಯವನನ್ನು ಕರೆತಂದರು. ಅವನು ವಿಮಾನವನ್ನು ಒಂದು ಸುತ್ತು ಹಾಕಿ, ಚಕ್ರದ ಮುಂದೆ ಕೂತು, ತಲೆ ಕೆರೆದುಕೊಂಡು, “ಅಂಕಲ್, ಗಾಡಿ ಸಖತ್ತಾಗಿದೆ. ಆದ್ರೆ ಮುಚ್ಚಿದ ಬಾಯಿಗೆ ಗಾಳಿ ಹೆಂಗೆ ಹೊಡೀಲಿ? ಇಲ್ಲೊಂದು ತೂತು ಮಾಡ್ಸಿ” ಎಂದು ಹೊರಟೇಹೋದ. ಅಷ್ಟು ವರ್ಷ ದಪ್ಪ ದಪ್ಪ ಪುಸ್ತಕ ಓದಿದ್ದ ಭಾವನಿಗೆ ಅದು ಹೊಳೆದಿರಲಿಲ್ಲ.

ಸರಿ, ಎರಡು ಬೆರಳು ಹೋಗುವಷ್ಟು ತೂತು ಕೊರೆದು, ಅದಕ್ಕೊಂದು ಮುಚ್ಚಳ ಮಾಡಿದರು. ಕಷ್ಟ ತೀರಿತೇ? ಎಲ್ಲಿ ಬಂತು! ಚಕ್ರದಲ್ಲಿ ಗಾಳಿ ತುಂಬುವ ವಾಲ್ವು ಆ ತೂತಿನ ನೇರಕ್ಕೇ ಬಂದು ನಿಲ್ಲಬೇಕಲ್ಲ? ಅದು ಬರಬೇಕಾದರೆ ಚಕ್ರ ತಿರುಗಬೇಕು. ಚಕ್ರ ತಿರುಗಬೇಕಾದರೆ ವಿಮಾನ ಸರಿಯಬೇಕು. ವಿಮಾನ ಸರಿಯಬೇಕಾದರೆ ಯಾರಾದರೂ ತಳ್ಳಬೇಕು. ಆ ಯಾರಾದರೂ ನಾನು. ಕತ್ರಿಗುಪ್ಪೆಯಿಂದ ಎರಡು ಬಸ್ಸು ಹತ್ತಿ ಬಂದು ತಳ್ಳುತ್ತೇನೆ. ನಾನು ಸಿಗದ ವಾರ ಬಂಧುಗಳು. ಮಗಳ ಮದುವೆಗೆ ಕರೆಯಲು ಬಂದಿದ್ದ ದೂರದ ನೆಂಟರೊಬ್ಬರು ರೇಷ್ಮೆ ಪಂಚೆಯಲ್ಲೇ ವಿಮಾನ ತಳ್ಳಿ, ಕೊಡಬೇಕಾದ ಲಗ್ನಪತ್ರಿಕೆಯನ್ನು ಮರೆತು ವಾಪಸ್ಸು ಒಯ್ದಿದ್ದರು.

ನಾನು ತಳ್ಳುವವನು, ಭಾವ ಗಾಳಿ ಅಳೆಯುವ ಗೇಜು ಹಿಡಿದು ಕಾಯುವವರು. ವಾಲ್ವು ಬಂತೋ ಇಲ್ಲವೋ ಹೇಳುವವಳು ನಮ್ಮಕ್ಕ. ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು, ತೂತಿನೊಳಗೆ ತೋರುಬೆರಳಿಟ್ಟು, ವಿಮಾನದ ಜೊತೆ ಇಷ್ಟಿಷ್ಟೇ ಸರಿಯುತ್ತಾಳೆ. ಬೆರಳಿಗೆ ವಾಲ್ವು ತಾಗಿದ ಕೂಡಲೇ “ಬಂತು” ಎನ್ನುತ್ತಾಳೆ. ಆಗ ಭಾವನ ಮುಖ ನೋಡಬೇಕು. ಯಾವುದೋ ದೊಡ್ಡ ನಿಲ್ದಾಣದಲ್ಲಿ ವಿಮಾನ ಇಳಿಸಿದವರ ಹಾಗಿರುತ್ತದೆ.

“ಇಣುಕಿ ನೋಡ್ಬಾರದೇನಕ್ಕ? ಮುಖ ಎಲ್ಲೋ, ಬೆರಳು ಎಲ್ಲೋ.”

“ಬೆರಳಿಗೆ ಗೊತ್ತಾಗುತ್ತೆ, ಸುಮ್ನೆ ತಳ್ಳೋ.”

ಆಮೇಲೆ ಭಾವ ಗೇಜು ಒತ್ತುತ್ತಾರೆ. ಒತ್ತುವಾಗ ಪುಸ್ಸೆಂದು ಒಂದಿಷ್ಟು ಗಾಳಿ ಹೊರಗೆ ಹೋಗುತ್ತದೆ. ಹೋದಷ್ಟನ್ನು ಸೈಕಲ್ ಪಂಪಿನಿಂದ ಮತ್ತೆ ತುಂಬುತ್ತಾರೆ. ನೋಡದೇ ಇದ್ದಿದ್ದರೆ ತುಂಬುವ ಅಗತ್ಯವೇ ಬೀಳುತ್ತಿರಲಿಲ್ಲ ಎಂದು ನಾನೊಮ್ಮೆ ಹೇಳಿ, ಆ ವಾರ ಕಾಫಿ ಸಿಗದೆ ಮನೆಗೆ ಬಂದೆ.

ಹೀಗಿರುವಾಗ ಹೋದ ವರ್ಷ ಆಯುಧಪೂಜೆ ಬಂತು. ಎಡಚಕ್ರದ ಗಾಳಿ ನೋಡಿ ಮುಗಿಸಿ, ವಿಮಾನ ಸರಿಸದೆ ಅಲ್ಲೇ ಪೂಜೆ ಶುರುವಾಯಿತು. ಅಕ್ಕ ತಡವಿ ತಡವಿ ಎಲ್ಲದಕ್ಕೂ ಕುಂಕುಮ ಇಟ್ಟಳು. ಎಂಜಿನ್ನಿಗೆ, ಗೇಜಿಗೆ, ಕವಚದ ಕೆಳಗೆ ಕಾಣುವ ಟೈರಿಗೆ. ಒಂದು ಬೊಟ್ಟು ನನ್ನ ಅಂಗಿಯ ತೋಳಿಗೂ ಬಿತ್ತು. “ತಳ್ಳುವವನೂ ಆಯುಧವೇ ಅಂತ ಇವತ್ತು ಒಪ್ಕೊಂಡ್ಯಲ್ಲ” ಎಂದೆ. ಮೂವರೂ ನಕ್ಕೆವು.

ಮುಂದಿನ ಭಾನುವಾರ ತಳ್ಳುತ್ತಿದ್ದಾಗ ನನಗೆ ಜ್ಞಾನೋದಯವಾಯಿತು. ಅಕ್ಕ “ಬಂತು” ಎಂದಾಗ ಕೆಳಗೆ ನೋಡುತ್ತೇನೆ, ಟೈರಿನ ಮೇಲಿನ ಪೂಜೆಯ ಕುಂಕುಮ ಸರಿಯಾಗಿ ಅವತ್ತು ಇಟ್ಟಲ್ಲಿಗೇ, ಕವಚದ ಕೆಳಗೆ ಬಂದು ನಿಂತಿದೆ. ಹಾಗಾದರೆ ಟೈರಿಗೆ ಒಂದು ಗುರುತು ಹಾಕಿದರೆ ಸಾಕು, ನಿಂತಲ್ಲಿಂದಲೇ ಗೊತ್ತಾಗುತ್ತದೆ! ಇಂಥ ಬುದ್ಧಿ ನಮ್ಮ ವಂಶದಲ್ಲೇ ಯಾರಿಗೂ ಬಂದಿರಲಿಲ್ಲ. ಅಲ್ಲೇ ಇದ್ದ ಬಿಳಿ ಪೇಂಟಿನಿಂದ ಎರಡೂ ಟೈರಿಗೆ ದಪ್ಪ ಗೆರೆ ಎಳೆದೆ.

“ಅಕ್ಕ, ಇನ್ಮೇಲೆ ನೀನು ಕೂರೋದೇ ಬೇಡ. ನಿಂಗೆ ರಿಟೈರ್ಮೆಂಟು.”

“ಹೌದಾ? ಒಳ್ಳೇದಾಯ್ತು ಬಿಡು” ಎಂದು ಅಕ್ಕ ಸೆರಗಿಗೆ ಬೆರಳು ಒರೆಸಿಕೊಂಡಳು. ಭಾವ ಗೆರೆಯನ್ನೊಮ್ಮೆ, ಅಕ್ಕನನ್ನೊಮ್ಮೆ ನೋಡಿ ಪೇಂಟಿನ ಡಬ್ಬಿಯ ಮುಚ್ಚಳ ಒತ್ತಿದರು. ಹೊಟ್ಟೆಕಿಚ್ಚಿರಬೇಕು ಎಂದುಕೊಂಡೆ.

ಅದರ ಮುಂದಿನ ವಾರ ಹೋಗಿ ನೋಡಿದರೆ ಎರಡೂ ಗೆರೆ ಮಾಯ. ಶೆಡ್ಡಿನ ತುಂಬ ಪೇಂಟ್ ಕರಗಿಸುವ ಥಿನ್ನರಿನ ವಾಸನೆ. ಅಕ್ಕ ಇನ್ನೂ ಹೊರಗೆ ಯಜಮಾನರ ಹೆಂಡತಿಯ ಜೊತೆ ಮಾತಾಡುತ್ತ ನಿಂತಿದ್ದಳು. ನನಗೆ ಸಿಟ್ಟು ನೆತ್ತಿಗೇರಿತು.

“ನನ್ನ ಐಡಿಯಾ ಅಂತ ಅಳಿಸಿಬಿಟ್ರಾ ಭಾವ?”

ಅವರು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. “ನಿಮ್ಮಕ್ಕನ ಬಲಗಣ್ಣು ಪೂರ್ತಿ ಹೋಗಿದೆ ಕಣಯ್ಯ. ಎಡಗಣ್ಣಲ್ಲಿ ಬರೀ ಮಬ್ಬು ಮಬ್ಬು. ಹೋಗಿದ್ದು ವಾಪಸ್ ಬರಲ್ಲ ಅಂದ್ರು ಡಾಕ್ಟ್ರು. ಯಾರಿಗೂ ಹೇಳ್ಬೇಡಿ ಅಂತ ಆಣೆ ಹಾಕ್ಸಿದಾಳೆ. ಅಡುಗೆಗೆ ಆಳು ಇಟ್ಟಿದ್ದು ದೊಡ್ಡಸ್ತಿಕೆಗೆ ಅಂದ್ಕೊಂಡ್ಯಾ? ರಂಗೋಲಿ ಬಿಟ್ಲು, ಹೂ ಕಟ್ಟೋದು ಬಿಟ್ಲು. ತಾನಿಲ್ದೆ ಆಗಲ್ಲ ಅಂತ ಅವಳು ಎದ್ದು ಹೊರಡೋದು ಇದೊಂದು ಕೆಲಸಕ್ಕೆ. ಅದಕ್ಕೂ ನೀನು ಪೇಂಟ್ ಬಳಿದುಬಿಟ್ಟೆ.”

ಅಂಗಿಯ ತೋಳಿನ ಮೇಲೆ ಬಿದ್ದ ಕುಂಕುಮ ನೆನಪಾಯಿತು. ಅವತ್ತು ನಾನೆಷ್ಟು ನಕ್ಕಿದ್ದೆ. ಈ ಮೂರ್ಖನನ್ನು ಬುದ್ಧಿವಂತನೆಂದು ಯಾರೂ ಕರೆಯದಿದ್ದುದೇ ಸರಿ.

ಅಷ್ಟರಲ್ಲಿ ಅಕ್ಕ ಗೋಡೆ ಹಿಡಿದುಕೊಂಡು ಒಳಗೆ ಬಂದಳು. “ಗುರುತು ಅಳಿಸಿಹೋಗಿದೆ ಕಣೇ. ಹಾಳು ಪೇಂಟು ನಿಲ್ಲಲೇ ಇಲ್ಲ. ನೀನೇ ಕೂತ್ಕೋಬೇಕು” ಎಂದರು ಭಾವ. ಅಕ್ಕ ಕೂತು, ತೂತಿಗೆ ಬೆರಳಿಟ್ಟಳು. ಭಾವ ಗೇಜು ತರಲು ಮೂಲೆಗೆ ಹೋದಾಗ ನನ್ನನ್ನು ಹತ್ತಿರ ಕರೆದಳು.

“ಗೆರೆ ಎಷ್ಟು ಹೊತ್ತು ಉಜ್ಜಿದರೋ ಏನೋ, ನಿನ್ನೆ ರಾತ್ರಿ ಅವರ ಕೈಯೆಲ್ಲ ಥಿನ್ನರ್ ವಾಸನೆ. ನಂಗೆ ಗೊತ್ತು ಅಂತ ಅವರಿಗೆ ಹೇಳ್ಬೇಡ ಕಣೋ.”

ನಾನು ವಿಮಾನದ ಹಿಂದೆ ಹೋಗಿ ಎರಡೂ ಕೈ ಊರಿ ತಳ್ಳಿದೆ. ನನ್ನ ಕಣ್ಣಿಗೇ ಮುಂದಿನದೇನೂ ಕಾಣುತ್ತಿರಲಿಲ್ಲ. ವಿಮಾನ ಮೆಲ್ಲಗೆ ಸರಿಯಿತು.

“ಬಂತು” ಎಂದಳು ಅಕ್ಕ.

ಭಾವ ಬಗ್ಗಿ ಗೇಜು ಒತ್ತಿದರು. ಗಾಳಿ ಹೋದ ವಾರ ಇದ್ದಷ್ಟೇ ಇತ್ತು.