ಕಸದ ರಥವನ್ನೇರಿದ ಒಂಟಿ ಹಾಡಿನ ದಿಗ್ವಿಜಯ

ಹಾಡಿನ ನಡುವಿನ ಆ ನಾಲ್ಕೆಣಿಕೆಯ ಖಾಲಿಯನ್ನು ಹಾಗೆಯೇ ಬಿಡುವುದೋ, ಅಳಿಸುವುದೋ? ಬಿಟ್ಟರೆ ಏನೋ ಕೆಟ್ಟಿದೆ ಎಂದು ಜನ ನಕ್ಕಾರು. ಅಳಿಸಿದರೆ ಕೇಳಬೇಕಾದ ಒಬ್ಬನಿಗೆ ಕೇಳಿಸಬೇಕಾದದ್ದೇ ಉಳಿಯದು. ಅಷ್ಟಕ್ಕೂ ಅವನು ಕೇಳುತ್ತಾನೆಂದು ಯಾರು ಹೇಳಿದರು? ಮೂರು ವರ್ಷದಿಂದ ಎದುರಿಗೆ ಸಿಕ್ಕರೆ ಓಣಿ ಬದಲಿಸುವವನು ಹಾಡು ಕೇಳಿಯಾನೆ? ಕೇಳಿದರೂ ಆ ಖಾಲಿ ತನ್ನದೆಂದು ಗುರುತು ಹಿಡಿದಾನೆ? ಹೀಗೆ ಎರಡು ಕೌದಿಗಳ ಒಳಗೆ ಕುಳಿತು ಬೆವರುತ್ತ, ಫೋನಿನಿಂದ ಅಂಗುಲದಷ್ಟು ಮೇಲೆ ಬೆರಳನ್ನು ತೂಗುಹಾಕಿಕೊಂಡು ಚಿಂತಿಸುತ್ತಿದ್ದ ವೀರನ ಕಥೆಯನ್ನು ಬಿಡುವಿದ್ದವರು ಕೇಳಿರಿ.

ದಿನಕ್ಕೆ ಎರಡು ಜಿಬಿಯ ಅಕ್ಷಯಪಾತ್ರೆಯು ಬಡವ ಬಲ್ಲಿದರೆನ್ನದೆ ಸಕಲರ ಅಂಗೈಗೂ ಇಳಿದುಬಂದಿದ್ದ, ಯಾರು ಬೇಕಾದರೂ ಹಾಡಬಹುದಾಗಿದ್ದ, ಆ ಕಾರಣದಿಂದಲೇ ಯಾರೂ ಯಾರದನ್ನೂ ಪೂರ್ತಿ ಕೇಳದಿದ್ದ ಆ ಮಹಾಯುಗದಲ್ಲಿ, ಮಗ್ಗಘೋಷನಿನಾದಿತವಾದ ಬೆಟಗೇರಿಯಲ್ಲಿ, ಝೆರಾಕ್ಸ್‌ಯಂತ್ರಪ್ರಭಾರಂಜಿತವದನನೂ ಆಧಾರಚೀಟಿಪ್ರತಿಲಿಪಿಧುರಂಧರನೂ ಆದ ಮೃತ್ಯುಂಜಯ ಐಲಿ ಎಂಬುವನಿದ್ದನು. ಮನೆಯವರು ಅವನನ್ನು ಮುತ್ತು ಎನ್ನುತ್ತಿದ್ದರು. ಲೋಕಕ್ಕೆ ಅವನು ಎಂ.ಸಿ. ಮೃತ್ಯು. ವಾಗ್ದೇವಿಯೇ, ಅವನ ರ‍್ಯಾಪಿನ ಪರಾಕ್ರಮವನ್ನು ಹೇಳಲು ನಾಲ್ಕು ಮಾತು ಕೊಡು. ಮಾತಿನ ನಡುವೆ ಬಿಡುವನ್ನೂ ಕೊಡು, ಏಕೆಂದರೆ ಈ ಯುದ್ಧ ನಡೆದದ್ದು ಬಿಡುವಿಗಾಗಿ.

ಒಂದು ಕಾಲದಲ್ಲಿ ಅವನು ಒಂಟಿಯಾಗಿರಲಿಲ್ಲ. ಮಗ್ಗದ ಓಣಿಯ ಅಂಬಾಸಾ ಬಾಕಳೆ, ಮಿತಭಾಷಿಗಳಲ್ಲಿ ಮೇರು, ಅವನ ಜೋಡಿಯಾಗಿದ್ದ. ಮೃತ್ಯು ಬಿಟ್ಟ ಬಾಣದಂತೆ ಹಾಡುವನು. ಅಂಬಾಸಾ ತನ್ನ ಸರದಿ ಬಂದಾಗ ಮೊದಲು ನಾಲ್ಕೆಣಿಕೆ ಸುಮ್ಮನಿರುವನು. ಯಾಕೆಂದು ಕೇಳಿದರೆ, “ಲಾಳಿ ಈ ಕಡಿಂದ ಆ ಕಡಿಗೆ ಹೋಗಬೇಕಲ್ಲೋ, ಅಷ್ಟ ಹೊತ್ತು ಬಿಡಬೇಕು” ಎನ್ನುವನು. ಅವನು ಹಾಡಿದ್ದಕ್ಕಿಂತ ಆ ಬಿಡುವಿನಲ್ಲೇ ಜನ ಹೆಚ್ಚು ಉಸಿರು ಬಿಗಿಹಿಡಿಯುತ್ತಿದ್ದರು; ಇದು ಮೃತ್ಯುವಿಗೂ ಗೊತ್ತಿತ್ತು. ಮೂರು ವರ್ಷದ ಹಿಂದೆ ಗಣಪತಿ ಹಬ್ಬದ ವೇದಿಕೆಯ ಮೇಲೆ, ಇಬ್ಬರಿಗೂ ಒಂದೇ ಮೈಕು ಇದ್ದ ಆ ದುರ್ದಿನ, ಅಂಬಾಸಾನ ಸರದಿ ಬಂತು; ಅಂಬಾಸಾನ ಚರಣ ಮೃತ್ಯುವಿನ ಬಾಯಿಂದ ಬಂತು; ಚಪ್ಪಾಳೆ ಬಿತ್ತು. ಅಂಬ್ಯಾ ಹಾಡು ಮರೆತ, ಮುತ್ತು ಮಾನ ಉಳಿಸಿದ ಎಂದು ಊರು ಇತಿಹಾಸ ಬರೆಯಿತು. ಅಂಬಾಸಾ ಅದನ್ನು ಅಲ್ಲಗಳೆಯಲಿಲ್ಲ. ಮೃತ್ಯುವೂ ಅಲ್ಲಗಳೆಯಲಿಲ್ಲ. ಮರುದಿನ ಅಪ್ಪನ ಪವರ್‌ಲೂಮಿನ ಮುಂದೆ ಕುಳಿತ ಅಂಬಾಸಾ ಮತ್ತೆ ಹಾಡಲೂ ಇಲ್ಲ, ಮೃತ್ಯುವಿನೊಡನೆ ಮಾತಾಡಲೂ ಇಲ್ಲ.

ಇಂಥ ಊರಿನಲ್ಲಿ ಒಂಟಿ ಹಾಡಿನ ಧ್ವನಿಮುದ್ರಣವೆಂಬುದು ಸಾಮಾನ್ಯ ತಪಸ್ಸಲ್ಲ. ಮಗ್ಗಗಳು ನಿಲ್ಲುವುದು ಕರೆಂಟು ಹೋದಾಗ ಮಾತ್ರ. ಕರೆಂಟು ಹೊತ್ತುಗಟ್ಟಲೆ ಹೋಗುವುದು ಮಂಗಳವಾರ ಮಾತ್ರ. ಆದುದರಿಂದ ಸತತ ಐದು ಮಂಗಳವಾರ, ಫ್ಯಾನು ತಿರುಗದ ಏಪ್ರಿಲ್ ತಿಂಗಳ ಮಧ್ಯಾಹ್ನ, ಅಜ್ಜಿಯ ಕಾಲದ ಕೌದಿದ್ವಯವನ್ನೇ ಕವಚವಾಗಿ ಧರಿಸಿ ಆ ವೀರನು ಫೋನಿನ ಮುಂದೆ ಗರ್ಜಿಸಿದನು. ನಾಲ್ಕನೆಯ ಮಂಗಳವಾರ ತಾಯಿ ಕೌದಿಯ ಅಂಚೆತ್ತಿ, “ಥಂಡಿಜ್ವರ ಬಂದಾವೇನೋ?” ಎಂದಳು. ಆ ಪ್ರಶ್ನೆಯೂ ಹಾಡಿನೊಳಗೆ ಸೇರಿ, ಒಂದು ವಾರದ ತಪಸ್ಸು ವ್ಯರ್ಥವಾಯಿತು.

ಹಾಡಿನ ಹೆಸರು ‘ಹೊರಗ ಬಾ’. ಅದರ ರಣಕಹಳೆ ಹೀಗಿತ್ತು:

ಕೇಳರಿ ಕೇಳರಿ ಬೆಟಗೇರಿ ಮಂದಿ,
ನಾ ನಿಂತಲ್ಲೆ ಹಾದಿ, ನಾ ಕುಂತಲ್ಲೆ ಗಾದಿ.
ಜೋಡಿ ಬೇಕಿಲ್ಲ ನನಗ, ನಾನ ನನ್ನ ದಂಡು,
ಬಾಗಲಾ ಹಾಕಿ ಕುಂತಿ ಯಾಕ, ಹೊರಗ ಬಾರೋ ಗಂಡು.

ಇದಾದ ಮೇಲೆ, ಎರಡನೆಯ ಚರಣಕ್ಕೆ ಮುಂಚೆ, ನಾಲ್ಕೆಣಿಕೆ ಏನೂ ಇಲ್ಲ. ಡೋಲೂ ಇಲ್ಲ. ಆ ಖಾಲಿಯನ್ನು ಅಳಿಸದೆಯೇ ಬೆರಳು ಕೊನೆಗೆ ಕೆಳಗಿಳಿಯಿತು, ಹಾಡು ಲೋಕಾರ್ಪಣೆಯಾಯಿತು.

ಲೋಕವು ಅದನ್ನು ಸ್ವೀಕರಿಸಿದ ಬಗೆಯನ್ನು ವರ್ಣಿಸಲು ಕವಿಗೆ ಹೆಚ್ಚು ಶ್ರಮವಿಲ್ಲ. ಮೊದಲ ವಾರ ಕೇಳಿದವರು ನಲವತ್ತಮೂರು ಜನ. ಅವರಲ್ಲಿ ಹತ್ತೊಂಬತ್ತು ಜನ ಸ್ವತಃ ಮೃತ್ಯು. ಸೋದರಮಾವ ಒಂದು ಗುಲಾಬಿ ಹೂವಿನ ಚಿತ್ರ ಕಳಿಸಿ ಶುಭೋದಯ ಎಂದಿದ್ದ. ಗದಗಿನ ತಂಗಿಯೊಬ್ಬಳು, “ಅಣ್ಣಾ, ನಡುವ ಕಟ್ ಆಗತೈತಿ, ಫೋನ್ ತೋರಸು” ಎಂದು ಬರೆದಿದ್ದಳು. ಮೃತ್ಯು ತನ್ನ ಝೆರಾಕ್ಸ್ ಅಂಗಡಿಯಲ್ಲಿ ಪ್ರತಿಗಳ ನಡುವೆ ನಿಂತು ದಿನಕ್ಕೆ ಮೂವತ್ತು ಸಲ ಹಾಡಿನ ಪುಟವನ್ನು ನೋಡಿದ. ಅಂಬಾಸಾನ ಹೆಸರು ಅಲ್ಲಿ ಕಾಣಲಿಲ್ಲ.

ಆಗ ಚತುಶ್ಚಕ್ರರಥಾರೂಢೆಯೂ ಆರ್ದ್ರಶುಷ್ಕವಿವೇಕವಿಚಕ್ಷಣೆಯೂ ಆದ ರೇಣವ್ವ ಅಂಗಡಿಯ ಮುಂದೆ ಬಂದು ನಿಂತಳು. ಅವಳು ಮೃತ್ಯುವಿನ ತಾಯಿಯ ತಂಗಿ; ಊರಿನ ಕಸದ ಗಾಡಿಯ ಡ್ರೈವರು.

“ಮುತ್ತು, ನನ್ನ ಪೆನ್‌ಡ್ರೈವ್ ಸತ್ತೈತಿ. ನಿಂದೊಂದು ಹಾಡೈತಂತಲ್ಲ, ಜೋರ್ ಐತೇನ?”

ವೀರನು ಎದೆ ಸೆಟೆದು ನುಡಿದನು: “ಚಿಗವ್ವಾ, ಅದು ಕಸಕ್ಕ ಹಾಕೋ ಹಾಡಲ್ಲ. ಒಬ್ಬನ ಎದಿ ಸೀಳಾಕ ಮಾಡಿದ್ದು. ಒಂದೊಂದ ಅಕ್ಷರ ಒಂದೊಂದ ಗುಂಡು. ಅದನ್ನ ಕೇಳಿದಾಂವ ಮನ್ಯಾಗ ಕುಂಡ್ರಬಾರದು, ಅಂಥಾದ್ದು.”

“ನನಗೂ ಅಂಥಾದ್ದ ಬೇಕಾಗೈತಿ. ಯಾರೂ ಮನ್ಯಾಗ ಕುಂಡ್ರಬಾರದು. ಹಾಕಿಕೊಡು.”

ಎಂಟು ದಿನ ಕಳೆದ ಮೇಲೆ ಅವಳು ಮತ್ತೆ ಬಂದು ವಿಜಯವಾರ್ತೆ ಕೊಟ್ಟಳು. “ಹಳೇ ಹಾಡಿಗೆ ನಾಕ ಸಲ ಹಾರ್ನ್ ಹೊಡೀಬೇಕಿತ್ತು. ನಿಂದ ಶುರು ಆದರ ಸಾಕು, ಮಂದಿ ಬಕೆಟ್ ಹಿಡಕೊಂಡ ಓಡಿ ಬರತಾರ.”

“ಮಗ್ಗದ ಓಣ್ಯಾಗೂ ಬರತಾರ?”

“ನಾಳಿ ಬಾ. ಕಣ್ಣಲೆ ನೋಡು.”

ಮರುದಿನ ಸೂರ್ಯನು ಪವರ್‌ಲೂಮುಗಳ ತಗಡಿನ ಮೇಲೆ ಏರುವ ವೇಳೆಗೆ ರಥವು ಮಗ್ಗದ ಓಣಿಯನ್ನು ಹೊಕ್ಕಿತು. ಮೃತ್ಯು ರೇಣವ್ವನ ಎಡಕ್ಕೆ ಕುಳಿತಿದ್ದ. ತಲೆಯ ಮೇಲಿನ ಸ್ಪೀಕರು ‘ಹೊರಗ ಬಾರೋ ಗಂಡು’ ಎಂದು ಮೊಳಗಿದೊಡನೆ ಎಡಬಲದ ಬಾಗಿಲುಗಳು ಪಟಪಟನೆ ತೆರೆದವು. ಹಸಿರು ಬಕೆಟ್ಟಿನವರು, ನೀಲಿ ಬಕೆಟ್ಟಿನವರು, ಎರಡನ್ನೂ ಒಂದರಲ್ಲೇ ಬೆರೆಸಿ ಸೆರಗಿನಲ್ಲಿ ಮುಚ್ಚಿ ತಂದ ಕಪಟಯೋಧರು, ಹಲ್ಲುಜ್ಜುತ್ತಲೇ ಬಂದವರು, ಹೀಗೆ ಇಡೀ ಅಕ್ಷೋಹಿಣಿ ರಥವನ್ನು ಮುತ್ತಿತು.

“ಏ ಕಮಲಾಬಾಯಿ, ತೆಂಗಿನ ಚಿಪ್ಪು ಹಸಿದ್ರಾಗ ಯಾಕ ಹಾಕ್ತಿ?” ಎಂದು ರೇಣವ್ವ ಗದರಿದಳು.

“ನಿನ್ನೆ ಒಡದದ್ದಬೇ, ಇನ್ನಾ ಹಸೀನ ಐತಿ.”

ಎಲ್ಲರಿಗಿಂತ ಕೊನೆಗೆ, ಬನಿಯನ್ನಿನಲ್ಲಿ, ಕೂದಲಲ್ಲಿ ಅರಳೆಯ ನವಿರು ಸಿಕ್ಕಿಸಿಕೊಂಡು, ಕೈಗೊಂದು ಬಕೆಟ್ ಹಿಡಿದು ಅಂಬಾಸಾ ಬಂದ. ಹಸಿಕಸದ ಬಕೆಟ್ಟನ್ನು ಗಾಡಿಯ ಅಂಚಿಗೆ ಎತ್ತಿದ. ಅದೇ ಕ್ಷಣಕ್ಕೆ ಹಾಡು ನಿಂತಿತು.

“ದಿನಾ ಇಲ್ಲೇ ಬಂದ್ ಆಗತೈತಿ ನೋಡು ಇದು,” ಎಂದು ರೇಣವ್ವ ಸ್ಪೀಕರಿನ ಬುಡ ಕುಟ್ಟಲು ಕೈಯೆತ್ತಿದಳು. ಮೃತ್ಯು ಅವಳ ಕೈ ಹಿಡಿದ.

ಅಂಬಾಸಾ ತಲೆಯೆತ್ತಿ ಸ್ಪೀಕರನ್ನು ನೋಡಿದ. ಆಮೇಲೆ ಬಕೆಟ್ಟನ್ನು ಮಗುಚಿ, ತಳಕ್ಕೆ ಅಂಟಿದ್ದ ಚಹದ ಪುಡಿ ಬೀಳಲೆಂದು ಅಂಚಿಗೆ ಬಡಿದ. ಒಂದು. ಎರಡು. ಮೂರು. ನಾಲ್ಕು. ನಾಲ್ಕನೆಯದರ ಬೆನ್ನಿಗೇ ಹಾಡು ಮತ್ತೆ ಹತ್ತಿಕೊಂಡಿತು. ಅವನು ಬಡಿದದ್ದು ಚಹದ ಪುಡಿಗೋ ಎಣಿಕೆಗೋ ಎಂಬುದು ಕವಿಗೂ ತಿಳಿಯದು.

“ಲೇ ಮುತ್ತು, ಕೈ ಖಾಲಿ ಕುಂತಿಯಲ್ಲ, ಇಳದ ಇಸಗೋ,” ಎಂದಳು ರೇಣವ್ವ.

ವೀರನು ರಥದಿಂದಿಳಿದನು. ಮೂರು ವರ್ಷದ ಮೇಲೆ ಇಬ್ಬರೂ ಮುಖಾಮುಖಿ ನಿಂತರು, ನಡುವೆ ಒಂದು ನೀಲಿ ಬಕೆಟ್.

“ಹಾಡು ನಿಂದೇನು?” ಎಂದ ಅಂಬಾಸಾ.

“ಹೂಂ.”

“ನಡುವ ಖಾಲಿ ಬಿಟ್ಟೀಯಲ್ಲ.”

“ಬಿಟ್ಟೀನಿ.”

“ಸ್ವಲ್ಪ ಅವಸರ ಆತು. ನಾಕನೇದು ಪೂರಾ ಆಗಾಕ ಬಿಟ್ಟಿಲ್ಲ ನೀ.”

ಮೃತ್ಯು ಕೈ ಚಾಚಿದ. ಬಕೆಟ್ಟಿನ ಹಿಡಿಕೆ ಗೇಣಿನಷ್ಟು ದೂರದಲ್ಲಿತ್ತು. ಅವನು ಎಳೆದುಕೊಳ್ಳಲಿಲ್ಲ, ಅಂಬಾಸಾ ತಾನಾಗಿ ಕೊಡುವ ತನಕ ನಿಂತ. ಅಂಬಾಸಾ ಸಾಕಷ್ಟು ಹೊತ್ತು ಮಾಡಿ ಕೊಟ್ಟ. ಒಳಗೆ ಎರಡು ಹಾಲಿನ ಪಾಕೀಟು, ಹರಿದ ಚಪ್ಪಲಿ, ಒಂದಿಷ್ಟು ನೂಲಿನ ತುಂಡು. ಮೃತ್ಯು ಅವನ್ನು ಒಣಕಸದ ಕಡೆ ಸುರಿದು ಬಕೆಟ್ ಹಿಂತಿರುಗಿಸಿದ.

“ನಾಳಿನೂ ನೀನ ಬರತೀಯೇನ?”

“ಇಲ್ಲಪಾ. ಅಂಗಡಿ ಐತಿ.”

“ಹೂಂ,” ಎಂದು ಅಂಬಾಸಾ ಒಳಗೆ ಹೋದ. ಮಗ್ಗ ಶುರುವಾಯಿತು. ಗಾಡಿ ಮುಂದಿನ ಓಣಿಗೆ ತಿರುಗಿತು.

ಆ ಹಬ್ಬದ ದಿನ ಅಂಬಾಸಾ ಏನನ್ನೂ ಮರೆತಿರಲಿಲ್ಲ, ಎರಡನೆಯ ಎಣಿಕೆಗೇ ಮೈಕನ್ನು ಕಸಿದುಕೊಂಡದ್ದು ತಾನು ಎಂದು ಮುತ್ತು ಅವನಿಗಾಗಲಿ ಊರಿಗಾಗಲಿ ಹೇಳಲಿಲ್ಲ.