ಕರೆಯುವ ಕೈ

ತಾಳವಾಡಿ ಬೆಟ್ಟಸೀಮೆಯಲ್ಲಿ ತನ್ನ ಕೈಗೆ ಬಗ್ಗದ ಕೆಚ್ಚಲು ಇನ್ನೂ ಹುಟ್ಟಿಲ್ಲವೆಂದು ಪಣಕಹಳ್ಳಿಯ ವೃಷಭೇಂದ್ರ ಹೇಳಿಕೊಂಡರೆ ಯಾರೂ ಎದುರಾಡುತ್ತಿರಲಿಲ್ಲ. ಹಾಸನೂರಿನಲ್ಲಿ ಒಂದು ಮನೆಯವರನ್ನೆಲ್ಲ ಸರದಿಯಂತೆ ಒದ್ದು ಮಲಗಿಸಿದ್ದ ಹಸು, ಇವನು ಮಗ್ಗುಲಲ್ಲಿ ಕುಕ್ಕರಿಸಿದೊಡನೆ ಹಾಲಿಳಿಸಿತ್ತು. ಇಂಥವನ ಹೆಂಡತಿಯ ಎಡಗೈ ಊದಿಕೊಂಡಿತೆಂದರೆ, ಚಿಕಿತ್ಸೆಗೆ ಈ ಭೂಮಂಡಲದಲ್ಲಿ ಇನ್ಯಾರು ಬೇಕು!

ಊದಿದ್ದಕ್ಕೆ ಕಾರಣವಿತ್ತು. ಮಂಗಳಗೌರಿಗೆ ಎದೆಯ ಕ್ಯಾನ್ಸರಿಗೆಂದು ಕೋಯಮತ್ತೂರಿನಲ್ಲಿ ಆಪರೇಷನ್ ಆಗಿ, ಎಡ ಕಂಕುಳಿನ ಗಂಟುಗಳನ್ನೂ ತೆಗೆದಿದ್ದರು. ಮೈಯ ಮೂಲೆಮೂಲೆಯಿಂದ ದುಗ್ಧರಸವೆಂಬ ತಿಳಿನೀರು ಅಂಥ ಗಂಟುಗಳಲ್ಲಿ ಸೋಸಿಕೊಂಡು ಮತ್ತೆ ರಕ್ತ ಸೇರುತ್ತದೆ. ರಕ್ತವನ್ನು ತಳ್ಳಲು ಗುಂಡಿಗೆಯಿದೆ; ಈ ನೀರಿಗೆ ಅಂಥ ದಿಕ್ಕಿಲ್ಲ. ಮೈ ಆಡಿದರೆ, ಉಸಿರು ಆಳಕ್ಕಿಳಿದರೆ ಅದೂ ಮೆಲ್ಲಗೆ ಸಾಗುತ್ತದೆ. ದಾರಿ ಕಡಿದರೆ ಅಲ್ಲೇ ನಿಲ್ಲುತ್ತದೆ. ಆಸ್ಪತ್ರೆಯ ಹುಡುಗಿ ಇದನ್ನೆಲ್ಲ ತಮಿಳಿನಲ್ಲಿ ತಾಳ್ಮೆಯಿಂದ ಹೇಳಿ, ಕೂಸಿನ ಕೆನ್ನೆ ಸವರುವಷ್ಟು ಹಗುರಾಗಿ ಭುಜದ ಕಡೆಗೆ ನೀವಿ ತೋರಿಸಿದ್ದಳು. "ಮೆದುವಾ, ಮೇಲೆ." ಅಷ್ಟು ಹೊತ್ತೂ ವೃಷಭೇಂದ್ರ ಬಸ್ಸು ತಪ್ಪೀತೆಂದು ಬಾಗಿಲನ್ನೇ ನೋಡುತ್ತಿದ್ದ. ಕೈ ಕಲೆ ಅವನಿಗೆ ಕಲಿಸುವವರು ಯಾರು?

ಮಂಗಳಗೌರಿಗೆ ಬೇಕಿದ್ದದ್ದು ಒಂದೇ: ಶಿವರಾತ್ರಿಗೆ ಇಷ್ಟಲಿಂಗ ತನ್ನ ಎಡ ಅಂಗೈಯಲ್ಲಿ ಕೂರಬೇಕು. ಊದಿದ ಬೆರಳು ಮಡಚದೆ ಲಿಂಗ ಜಾರುತ್ತಿತ್ತು. ತಟ್ಟೆಯಲ್ಲಿಟ್ಟು ಪೂಜೆ ಮಾಡುತ್ತಿದ್ದಳು, ದಿನಾ ಗೊಣಗುತ್ತಿದ್ದಳು.

"ತಟ್ಟೇಲಿ ಮುದ್ದೆ ಇಕ್ಕಬೌದು. ಶಿವನ್ನ ಇಕ್ಕಬೌದಾ?"

"ಕೈಯ ನನ್ಗೆ ಕೊಡು," ಎಂದ ವೃಷಭೇಂದ್ರ. "ಶಿವರಾತ್ರಿ ಒತ್ಗೆ ಬಳ್ಳಿ ಅಂಗೆ ಮಾಡ್ಕೊಡ್ತೀನಿ ಕಣ."

ಹರಳೆಣ್ಣೆ ಬಿಸಿಯಾಯಿತು. ಕಂಬಳಿ ಹಾಸಿದ್ದಾಯಿತು. ಹೆಬ್ಬೆರಳು ಒಳಮಡಚಿ, ಭುಜದಲ್ಲಿ ಹಿಡಿದು, ಬೆರಳ ತುದಿಯವರೆಗೆ ಜಗ್ಗಿ ಎಳೆದ. ಕೆಚ್ಚಲಿನಿಂದ ಮೊಲೆತೊಟ್ಟಿಗೆ, ತೊಟ್ಟಿನಿಂದ ಬಾಲ್ಟಿಗೆ. ಕೈಗೆ ಗೊತ್ತಿದ್ದದ್ದು ಅದೊಂದೇ ದಾರಿ. ಕರೆಯುವ ಹೊತ್ತಿಗೇ, ಬೆಳಿಗ್ಗೆ ಸಂಜೆ, ತಪ್ಪದೆ.

"ಆ ಹೆಣ್ಣು ಮೇಲಕ್ಕೆ ಅಂದ್ಲು," ಎಂದು ಅವಳು ಹಲ್ಲು ಕಚ್ಚಿ ಹೇಳಿದಳು.

"ನೀರು ಯಾವತ್ತಾರ ಮೇಲಕ್ಕೆ ಅತ್ತಿದ್ದುಂಟಾ?"

"ಕರದ್ರೆ ಇಳಿಯಕ್ಕೆ ನಾನೇನು ಅಸುವಾ?"

ಕೈ ಇನ್ನಷ್ಟು ಊದಿತು. ವೃಷಭೇಂದ್ರ ಹಿಗ್ಗಿದ. ಹಾಲು ಇಳಿಯುವ ಮುಂಚೆ ಕೆಚ್ಚಲು ಬಿಗಿಯುವುದು ಯಾರಿಗೆ ಗೊತ್ತಿಲ್ಲ! ಪಕ್ಕದ ಮನೆಯ ಶಕುಂತಲಮ್ಮ ಬಂದು ನೋಡಿ, ದೃಷ್ಟಿಯಾಗಿದೆ ಎಂದು ಮೆಣಸಿನಕಾಯಿ ನೀವಾಳಿಸಿ ಹೋದರು. ಒಲೆಯಲ್ಲಿ ಮೆಣಸಿನಕಾಯಿ ಸಿಡಿಯಿತು, ಮನೆಯವರೆಲ್ಲ ಕೆಮ್ಮಿದರು, ಕೈ ಮಾತ್ರ ಹಾಗೇ ಇತ್ತು. ಶಿವರಾತ್ರಿಯ ಹಿಂದಿನ ದಿನ ಅದು ಕೆಂಪೇರಿ, ನಡುಗುವ ಜ್ವರ ಬಂತು.

ಕೋಯಮತ್ತೂರಿನ ಬಸ್ಸು ದಿಂಬಂ ಘಾಟಿ ಇಳಿಯುವಷ್ಟೂ ದೂರ ಅವಳ ಎಡಗೈ ಗಂಡನ ಹೆಗಲ ಮೇಲಿತ್ತು; ಇಳಿಬಿಟ್ಟರೆ ಸಿಡಿಯುತ್ತಿತ್ತು. ಈ ವಯಸ್ಸಿನಲ್ಲೂ ಎಂಥ ಜೋಡಿಯೆಂದು ಕಂಡಕ್ಟರ್ ನಕ್ಕ.

ಯಾರು ತಿಕ್ಕಿದ್ದು ಎಂದು ಆಸ್ಪತ್ರೆಯ ಹುಡುಗಿ ಕೇಳಿದಳು. ಮಂಗಳಗೌರಿ ತಮಿಳಿನಲ್ಲಿ ಉತ್ತರಿಸಿ, ಗಂಡನಿಗೂ ಸಲ್ಲಲೆಂದು ಕನ್ನಡದಲ್ಲಿ ಇನ್ನೊಮ್ಮೆ ಹೇಳಿದಳು:

"ಇವ್ರೇ. ನಮ್ ಕಡೆ ಬಾಳ ಎಸರುವಾಸಿ. ಬಾಲ್ಟಿ ಒಂದ ಮರ್ತು ಬಂದವ್ರೆ."

ಶಿವರಾತ್ರಿ ವಾರ್ಡಿನಲ್ಲಿ ಕಳೆಯಿತು. ಅಲ್ಲಿ ತಟ್ಟೆಯೂ ಇರಲಿಲ್ಲ.

ವೃಷಭೇಂದ್ರ ಈ ಸಲ ಬಾಗಿಲು ನೋಡಲಿಲ್ಲ. ಜೀವಮಾನವೆಲ್ಲ ಕೆಳಕ್ಕೆಳೆದ ಕೈಗೆ ಮೇಲಕ್ಕೆ ಸವರುವುದು ಕಲಿಸುವುದೆಂದರೆ ಮುದಿ ಎತ್ತಿಗೆ ಹಿಮ್ಮುಖ ನಡಿಗೆ ಕಲಿಸಿದಂತೆ. ಅವಳು ಬೈದಳು, ಅವನು ಕಲಿತ. ಮೊದಲು ಕತ್ತು, ಆಮೇಲೆ ಭುಜ, ಆಮೇಲೆ ತೋಳು, ಮೆದುವಾ, ಮೇಲೆ. ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಬೆರಳುಗಳು ಮಡಚಿದವು. ಲಿಂಗ ಕೂತಿತು. ಅಂಗೈಯನ್ನು ಕಣ್ಣಿನ ಮಟ್ಟಕ್ಕೆತ್ತಿ, ಅವಳು ಉದ್ದಕ್ಕೆ ಉಸಿರೆಳೆದು ಬಿಟ್ಟಳು. ಕೈ ಎತ್ತು, ಉಸಿರು ಎಳೆ ಎಂದು ಆಸ್ಪತ್ರೆಯವರು ಕೊಟ್ಟ ವ್ಯಾಯಾಮವೂ ಅದೇ ಆಗಿತ್ತು. ಮನೆಯಲ್ಲೇ ಇದ್ದದ್ದನ್ನು ಕಲಿಯಲು ಅವನು ಘಾಟಿ ಇಳಿದು ಹೋಗಿ ಬಂದಿದ್ದ.

ಜೋಳ ಮುರಿಯುವ ಮುಂಚೆ ರೋಗ ಲಿವರಿಗೆ ಹಬ್ಬಿತು. ಅದಕ್ಕೂ ತಿಕ್ಕಿದ್ದಕ್ಕೂ ಸಂಬಂಧವಿಲ್ಲವೆಂದು ಡಾಕ್ಟರು ಅವನಿಗೆ ಬಿಡಿಸಿ ಹೇಳಿದರು. ಅವನು ತಲೆಯಾಡಿಸಿದ, ನಂಬಿದನೋ ಇಲ್ಲವೋ ಯಾರೂ ಕೇಳಲಿಲ್ಲ. ಕಡೆಯ ದಿನದವರೆಗೂ ಕೈ ನೀವಿದ. ಸಮಾಧಿಯಲ್ಲಿ ಕೂರಿಸಿ ಎಡ ಅಂಗೈಯಲ್ಲಿ ಲಿಂಗವಿಟ್ಟಾಗ, ಬೆರಳು ಎಷ್ಟು ಸಲೀಸಾಗಿ ಮಡಚಿದವೆಂದು ಹಿರಿಯರು ಮೆಚ್ಚಿಕೊಂಡರು. ಅವಳಿದ್ದಿದ್ದರೆ ಆ ಮೆಚ್ಚುಗೆಗೊಂದು ಮಾತು ಹೇಳದೆ ಬಿಡುತ್ತಿರಲಿಲ್ಲ.

ಕರ್ಮವೆಲ್ಲ ಮುಗಿದ ಮೇಲೆ ವೃಷಭೇಂದ್ರ ಬಾಲ್ಟಿ ಹಿಡಿದು ಕೊಟ್ಟಿಗೆಗೆ ಹೋದ. ಕೆಂದಹಸುವಿನ ಮಗ್ಗುಲಲ್ಲಿ ಕುಕ್ಕರಿಸಿ ಕೆಚ್ಚಲಿಗೆ ಕೈಯಿಟ್ಟ. ಕೈ ಹಗುರಾಗಿ ಮೇಲಕ್ಕೆ ಹೋಯಿತು. ಹಸು ಕಾಯಿತು. ಕೈ ಮತ್ತೆ ಮೇಲಕ್ಕೇ ಹೋಯಿತು. ಹಸು ಕತ್ತು ತಿರುಗಿಸಿ ಒಮ್ಮೆ ನೋಡಿ, ಬಾಲ್ಟಿಯನ್ನು ಬಾಗಿಲಾಚೆಗೂ ಅವನನ್ನು ಸಗಣಿಗೂ ಕಳಿಸಿತು.

ಸದ್ದಿಗೆ ಬೇಲಿಯ ಹತ್ತಿರ ಬಂದ ಶಕುಂತಲಮ್ಮ ಬಗ್ಗಿ ನೋಡಿದರು.

"ಏನಪ್ಪ, ಕೈ ಮರ್ತೋಯ್ತಾ?"

"ಮರ್ತಿಲ್ಲ ಕಣಕ್ಕ," ಎಂದ ವೃಷಭೇಂದ್ರ, ಕೂತಲ್ಲಿಂದಲೇ. "ಕಲ್ತದ್ದು ತಡ ಆಯ್ತು."